ಬೆಂಕಿ ಕಾವಲಿನ ಹುಡುಗರು ಮಾರ್ಚ್‌ನಲ್ಲಿ ಬಿಟ್ಟು ಹೋಗುತ್ತಾರೆ, ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಮುತ್ತೋಡಿ ಕಡೆಯವನು): ಭದ್ರಾ ಕಾಡಿನಲ್ಲಿ ಹಂಗಾಮಿ ಬೆಂಕಿ ಕಾವಲುಗಾರರ ತಂಡವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಜನವರಿಯಲ್ಲಿ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು, ತರಗೆಲೆ ತೆಗೆದ ಪಟ್ಟಿ) ಸವರುವಾಗಿನ ಹುರುಪು ಮಾರ್ಚ್‌ಗೆ ಇರುವುದಿಲ್ಲ. ಕಾಳುಮೆಣಸಿನ ಕೊಯ್ಲು ಶುರುವಾದರೆ ಅರ್ಧ ಜನ ತೋಟಕ್ಕೆ ಹೋಗುತ್ತಾರೆ. ಅನುಭವವಿದ್ದವರು ತಿಳಿಸಿ.

ನಿವೃತ್ತ ವಾಚರ್ (ಕಾಡಿನ ಕಾವಲುಗಾರ), ಲಕ್ಕವಳ್ಳಿ: ಕೂಲಿ ಹೊತ್ತಿಗೆ ಸಿಗಬೇಕು, ಬೇರೆ ಮಾತೇ ಬೇಡ. ಒಂದು ವರ್ಷ ನನಗೆ ಫೆಬ್ರುವರಿಯ ಕೂಲಿ ಬಂದದ್ದು ಮುಂಗಾರು ಹಿಡಿದ ಮೇಲೆ. ಅಷ್ಟರಲ್ಲಿ ದಿನಸಿ ಅಂಗಡಿಯಲ್ಲಿ 4,300 ರೂಪಾಯಿ ಸಾಲ. ಬೂಟು 850, ಟಾರ್ಚಿನ ಸೆಲ್ಲು 120, ಎಲ್ಲವೂ ನನ್ನ ಜೇಬಿನಿಂದ. ಬಿದಿರುಮೆಳೆಯ ಕೆಂಡ ತುಳಿದು ಆ ಬೂಟಿನ ಅಟ್ಟೆ ಕಿತ್ತುಬಂತು. ತಂತಿ ಸುತ್ತಿಕೊಂಡು ಬೆಳಗಿನ ತನಕ ಹಸಿಸೊಪ್ಪಿನಿಂದ ಬಡಿದೆ. ಬೆಂಕಿ ನಮ್ಮ ರೇಖೆ ದಾಟಲಿಲ್ಲ. ಆ ಹೆಮ್ಮೆ ನನ್ನದು.

ಕಾಫಿ ಬೆಳೆಗಾರ, ಆಲ್ದೂರು: ಜನ ತೋಟಕ್ಕೆ ಬರುತ್ತಾರೆಂದು ನಮ್ಮನ್ನು ದೂರಬೇಡಿ. ನಾವು ಶನಿವಾರ ಬಟವಾಡೆ ತಪ್ಪಿಸುವುದಿಲ್ಲ. ಕಾಡಂಚಿಗೆ ಬೆಂಕಿ ಬಂದರೆ ನಮ್ಮ ಆಳುಗಳೇ ಮೊದಲು ಓಡುವುದು. ಪಿಕಪ್ಪಿಗೆ 500 ಲೀಟರಿನ ಟ್ಯಾಂಕು, ಡೀಸೆಲ್, ರಾತ್ರಿ ಅನ್ನ ಸಾರು, ಎಲ್ಲವೂ ನನ್ನ ಖರ್ಚು. ಆದರೂ ಝಳಕ್ಕೆ ಅಂಚಿನ ಮೆಣಸಿನ ಬಳ್ಳಿಗಳು ಸುಟ್ಟು ಕರಕಲಾದವು. ಹೊಸ ಬಳ್ಳಿ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಪರಿಹಾರ ಕೇಳಿದ ಕಚೇರಿಯಲ್ಲಿ ಇನ್ನೂ ನಕ್ಷೆ ಹುಡುಕುತ್ತಿದ್ದಾರೆ.

ಸಕಲೇಶಪುರದವನು: ನಾನು ಕೆಲಸ ಬಿಟ್ಟವನು, ಬಿಟ್ಟಿದ್ದಕ್ಕೆ ನಾಚಿಕೆಯಿಲ್ಲ. 2023ರ ಫೆಬ್ರುವರಿಯಲ್ಲಿ ನಮ್ಮ ತಾಲ್ಲೂಕಿನಲ್ಲೇ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು. ಅವರು ಕಾಯಂ ನೌಕರರು. ದಿನಗೂಲಿಯವನಿಗೆ ಹಾಗಾದರೆ ಮನೆಯವರಿಗೆ ಏನು ಸಿಗುತ್ತದೆ ಎಂದು ಕೇಳಿದೆ. ಯಾರೂ ಬರೆದುಕೊಡಲಿಲ್ಲ. ಹುರುಪು ಎಲ್ಲಿಂದ ಬರಬೇಕು?

ನಿವೃತ್ತ ವಾಚರ್: ತಮ್ಮಾ, ಎಲ್ಲರೂ ನಿನ್ನ ಹಾಗೆ ಎದ್ದುಹೋಗಿದ್ದರೆ 500 ಲೀಟರಿನ ಟ್ಯಾಂಕಿನಿಂದ ಭದ್ರಾ ಕಾಡು ಉಳಿಯುತ್ತಿತ್ತೇ?

ಸಕಲೇಶಪುರದವನು: ಅಣ್ಣಾ, ನಿಮ್ಮ ಹೆಮ್ಮೆಯಿಂದ ನನ್ನ ಮನೆಯ ಒಲೆ ಉರಿಯುವುದಿಲ್ಲ.

ಕಾಫಿ ಬೆಳೆಗಾರ: ಟ್ಯಾಂಕಿನ ಮಾತು ಬಿಡಿ. ನನ್ನ ಬಳ್ಳಿ ಸುಟ್ಟದ್ದು ಕಾಡಿನ ಬೆಂಕಿಯಿಂದಲ್ಲ, ನಿಮ್ಮವರು ಮಧ್ಯಾಹ್ನ ಕೊಟ್ಟ ಎದುರು ಬೆಂಕಿಯಿಂದ (ಬರುವ ಬೆಂಕಿಗೆ ಉರಿಯಲು ಏನೂ ಸಿಗದಂತೆ ಮೊದಲೇ ಎದುರಿನಿಂದ ಹಚ್ಚುವ ಬೆಂಕಿ).

ನಿವೃತ್ತ ವಾಚರ್: ಗುಡ್ಡದಲ್ಲಿ ಹಗಲು ಗಾಳಿ ಮೇಲಕ್ಕೇರುತ್ತದೆ, ರಾತ್ರಿ ಕೆಳಗಿಳಿಯುತ್ತದೆ, ಹಚ್ಚಿದ ಬೆಂಕಿಯೂ ಅದರ ಜೊತೆಗೇ ಹೋಗುತ್ತದೆ. ಇದು ಹಳೆಯ ವಾಚರ್‌ಗಳಿಗೆ ಗೊತ್ತು. ಅವರನ್ನು ಕೂಲಿ ಕೊಡದೆ ಓಡಿಸಿ ಹೊಸಬರ ಕೈಗೆ ಪಂಜು ಕೊಟ್ಟರೆ ಇನ್ನೇನಾಗುತ್ತದೆ?

ಮುತ್ತೋಡಿ ಕಡೆಯವನು: ಹಿರಿಯರೇ, ಕೂಲಿ ಬರುವ ತನಕ ದಿನಸಿಯನ್ನಾದರೂ ಕೊಡಿಸೋಣವೆಂದಿದ್ದೇನೆ. ಅಷ್ಟಕ್ಕೆ ನಿಲ್ಲುತ್ತಾರೆಯೇ?

ನಿವೃತ್ತ ವಾಚರ್: ಅಕ್ಕಿಯ ಜೊತೆ ಬೂಟೂ ಕೊಡಿಸಿ. ಏಪ್ರಿಲ್‌ವರೆಗೆ ನಿಲ್ಲುತ್ತಾರೆ.