ಪುಟ್ಟಿಗೆ ಉಪವಾಸ ಬೇಡ ಅತ್ತಿಗೆ

ಅತ್ತಿಗೆ, ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದೇನೆ, ಕೈಯೆಲ್ಲ ಮೇಣ. ಟೈಪ್ ಮಾಡೋಕೆ ಆಗಲ್ಲ, ಅದಕ್ಕೇ ಮನೆಯವರ ಗ್ರೂಪಿಗೆ ವಾಯ್ಸ್ ಮೆಸೇಜ್. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಭಾನುವಾರ ಉಡುಪಿ ಮದುವೆಗೆ ಶಿವಮೊಗ್ಗದಿಂದ ಟಿಟಿಯಲ್ಲಿ (ಟೆಂಪೊ ಟ್ರಾವೆಲರ್) ಹೊರಡುವಾಗ ಪುಟ್ಟಿಗೆ ಏನೂ ತಿನ್ನಿಸದೆ ಕರೆದುಕೊಂಡು ಬರಲಾ, ಹೋದ ಸಲ ಆಗುಂಬೆ ಘಾಟಿಯಲ್ಲಿ ಮೂರು ಸಲ ವಾಂತಿ ಮಾಡಿದಳು ಅಂತ ಕೇಳಿದ್ದಿರಲ್ವಾ? ಬೇಡ. ಖಾಲಿ ಹೊಟ್ಟೆ ಮಾತ್ರ ಬೇಡವೇ ಬೇಡ.

ನಮ್ಮಪ್ಪ ನನಗೂ ಹೀಗೇ ಮಾಡುತ್ತಿದ್ದರು. ಉಡುಪಿಯಲ್ಲಿ ಓದುವಾಗ ಪ್ರತಿ ಸಲ ಬಸ್ ಹತ್ತಿಸುವ ಮುಂಚೆ ಉಪವಾಸ. ವಾಂತಿ ನಿಲ್ಲಲಿಲ್ಲ, ಹಳದಿ ಪಿತ್ತ ಬರೋಕೆ ಶುರುವಾಯಿತು ಅಷ್ಟೇ. ಗಂಟಲೆಲ್ಲ ಉರಿ. ತೀರ್ಥಹಳ್ಳಿಯಲ್ಲಿ ಹೇಗೂ ತಿಂಡಿಗೆ ನಿಲ್ಲಿಸುತ್ತೇವೆ, ಅಲ್ಲಿ ಎರಡು ಇಡ್ಲಿ ತಿನ್ನಿಸಿ. ವಡೆ, ಬೆಣ್ಣೆ ದೋಸೆ, ಲೋಟ ತುಂಬ ಹಾಲು ಬೇಡ. ಘಾಟಿ ಶುರುವಾಗುವ ಹೊತ್ತಿಗೆ ಹೊಟ್ಟೆ ಹಗುರ ಆಗಿರುತ್ತೆ.

ಊಟಕ್ಕಿಂತ ಜಾಸ್ತಿ ಮುಖ್ಯ ಸೀಟು. ಹೋದ ಸಲ ಅವಳು ಎಲ್ಲಿ ಕೂತಿದ್ದಳು ಹೇಳಿ? ಕೊನೇ ಸೀಟಿನಲ್ಲಿ, ಭಾವನ ಫೋನು ಹಿಡಿದುಕೊಂಡು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಕಿವಿಯೊಳಗೆ ನಮ್ಮ ಸಮತೋಲನ, ತಿರುವು ಎಲ್ಲ ತಿಳಿಸುವ ಭಾಗ ಒಂದಿದೆ. ಅದು ‘ತಿರುಗುತ್ತಿದ್ದೀಯ’ ಅನ್ನುತ್ತೆ, ಫೋನು ನೋಡುವ ಕಣ್ಣು ‘ಸುಮ್ನೆ ಕೂತಿದ್ದೀಯ’ ಅನ್ನುತ್ತೆ. ಎರಡಕ್ಕೂ ತಾಳೆ ಆಗಲ್ಲ, ಹೊಟ್ಟೆ ತೊಳಸುತ್ತೆ. ಭಾವ ತಾವೇ ಗಾಡಿ ಓಡಿಸಿದರೆ ಆರಾಮ, ಹಿಂದೆ ಕೂತರೆ ತಲೆ ಸುತ್ತು ಅನ್ನುತ್ತಾರಲ್ಲ, ಅದೂ ಇದೇ. ಓಡಿಸುವವರಿಗೆ ಮುಂದಿನ ತಿರುವು ಮೊದಲೇ ಗೊತ್ತು. ಆದ್ದರಿಂದ ಪುಟ್ಟಿ ಮುಂದೆ ಕೂರಲಿ, ದೂರದ ರಸ್ತೆ ನೋಡಲಿ. ಕಣ್ಣು ಮುಚ್ಚಿ ಮಲಗಿದರೂ ಒಳ್ಳೇದೇ. ಫೋನು ಮಾತ್ರ ಉಡುಪಿ ಮುಟ್ಟುವವರೆಗೆ ಭಾವನ ಜೇಬಿನಲ್ಲೇ ಇರಲಿ.

ಮಾತ್ರೆ ವಿಷಯ. ಅವೋಮಿನ್ ಥರದ್ದು ಹೊರಡುವ ಮುಂಚೆ, ಒಂದೆರಡು ಗಂಟೆ ಮೊದಲೇ ತಗೊಂಡರೆ ಕೆಲಸ ಮಾಡುತ್ತೆ. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಆಚೆ ಬರುತ್ತೆ. ಮಕ್ಕಳಿಗೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ, ನನ್ನ ಲೆಕ್ಕ ಬೇಡ. ಆ ಮಾತ್ರೆ ತಗೊಂಡರೆ ನಿದ್ದೆ ಬರುತ್ತೆ. ಮತ್ತೆ ಮನೆಯಲ್ಲಿ ಹೊಟ್ಟೆ ಕೆಟ್ಟಾಗ ಕೊಡುವ ಒಂಡಾನ್ಸೆಟ್ರಾನ್ ಸಿರಪ್ ಇರುತ್ತಲ್ಲ, ಅದು ಪ್ರಯಾಣದ ವಾಂತಿಗೆ ಅಷ್ಟಾಗಿ ಆಗಿಬರಲ್ಲ. ಅಮ್ಮನ ಶುಂಠಿ-ಬೆಲ್ಲ ನನಗೆ ಸ್ವಲ್ಪ ಹಿಡಿಸುತ್ತೆ, ಅವಳು ಖಾರ ಅಂತ ಉಗಿಯದಿದ್ದರೆ ಕೊಡಿ.

ಇನ್ನೊಂದು ಮಾತು, ಹೆಂಗಸರೆಲ್ಲ ಕೇಳಿಸಿಕೊಳ್ಳಿ. ಎಸಿ ಹಾಕಿ ಗಾಜು ಮುಚ್ಚಿದ ಗಾಡಿಯಲ್ಲಿ ಹತ್ತು ತಲೆಯ ಮಲ್ಲಿಗೆ! ಘಮ ಚೆನ್ನಾಗೇ ಇರುತ್ತೆ, ತಿರುವಿನಲ್ಲಿ ಅದೇ ತಲೆಗೆ ಏರುತ್ತೆ. ಹೂವು ಡಬ್ಬಿಯಲ್ಲಿರಲಿ, ಘಾಟಿ ಇಳಿದು ಹೆಬ್ರಿ ದಾಟಿದ ಮೇಲೆ ಮುಡಿದುಕೊಳ್ಳೋಣ. ಘಾಟಿಯಲ್ಲಿ ಎಸಿ ಆರಿಸಿ ಕಿಟಕಿ ತೆಗೆಯೋಣ. ಡ್ರೈವರಿಗೆ ಹೇಳಿ ಆ ಸೆಂಟಿನ ಬಾಟಲಿಯನ್ನೂ ತೆಗೆಸಬೇಕು.

ಪುಟ್ಟಿ ಮಾತು ನಿಲ್ಲಿಸಿ ಆಕಳಿಸುತ್ತಿದ್ದರೆ, ಮುಖ ಬಿಳಿಚಿ ಹಣೆ ತಣ್ಣಗೆ ಬೆವರಿದರೆ, ಬಾಯಲ್ಲಿ ನೀರೂರಿದರೆ, ಆಗಲೇ ಜಾಗ ನೋಡಿ ಗಾಡಿ ನಿಲ್ಲಿಸಿ. ಐದು ನಿಮಿಷ ನೆಲದ ಮೇಲೆ ನಿಂತರೆ ಎಷ್ಟೋ ಸಲ ಅಲ್ಲಿಗೇ ತಣ್ಣಗಾಗುತ್ತೆ. ವಾಂತಿ ಆಗೇಬಿಟ್ಟರೆ ಬಾಯಿ ಮುಕ್ಕಳಿಸಿ, ಗುಟುಕು ಗುಟುಕಾಗಿ ನೀರು. ಒಂದೇ ಸಲ ಬಾಟಲಿ ಎತ್ತಿಸಬೇಡಿ. ಕವರ್ ಒಂದರೊಳಗೆ ಒಂದು ಎರಡು ಇಟ್ಟುಕೊಳ್ಳಿ, ತೂತು ಇದೆಯಾ ನೋಡಿ. ನಾನೊಮ್ಮೆ ದ್ರಾಕ್ಷಿ ಕವರ್ ಹಿಡಿದಿದ್ದೆ. ಅದಕ್ಕೆ ಗಾಳಿಯಾಡಲು ತೂತು ಇರುತ್ತಲ್ಲ... ಪಕ್ಕದಲ್ಲಿ ಕೂತಿದ್ದವರ ಬಿಳಿ ಪಂಚೆ ಕಥೆ ಕೇಳಬೇಡಿ.

ಅಮ್ಮಾ, ನೀವು ತಿರುವಿಗೊಂದು ಸಲ ‘ವಾಂತಿ ಬರ್ತಿದೆಯಾ ಪುಟ್ಟಿ’ ಅಂತ ಕೇಳಬೇಡಿ. ನೀವು ಕೇಳಿದರೆ ನನಗೇ ಬರುತ್ತೆ.

ಟಿಟಿಯಲ್ಲಿ ಡ್ರೈವರ್ ಪಕ್ಕದ ಸೀಟು ನಾನು ಮೊದಲೇ ಹಿಡಿದಿಟ್ಟಿದ್ದೇನೆ, ಅದನ್ನು ಬಿಡಲ್ಲ. ಅದರ ಹಿಂದಿನದು, ಎದುರಿಗೆ ರಸ್ತೆ ಕಾಣುವ ಸೀಟು, ಪುಟ್ಟಿಗೆ. ಭಾವ ಕೊನೇ ಸೀಟಿಗೆ.