ನಿಂತ ಪಿಂಚಣಿ, ಬಾರದ ಸಂಧ್ಯಾ ಸುರಕ್ಷಾ, ಅರ್ಧಕ್ಕೇ ಇಳಿದ ಕ್ಲೇಮು: ದಾರಿ ಗೊತ್ತಿದ್ದವರು ಹೇಳಿ

ಮಲೆನಾಡಿನ ಸೊಸೆ:
ಮನೆಯಲ್ಲಿ ಮೂವರು ಹಿರಿಯರು, ಮೂರು ತಾಪತ್ರಯ. ಯಾವುದು ಗೊತ್ತೋ ಅದಕ್ಕಷ್ಟೇ ಉತ್ತರಿಸಿದರೂ ಸಾಕು.

ಮಾವನವರಿಗೆ 82, ಕೇಂದ್ರ ಸರ್ಕಾರದ ಪಿಂಚಣಿ. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ನವೆಂಬರಿನಲ್ಲಿ ಬೆರಳಚ್ಚು ಬೀಳಲೇ ಇಲ್ಲ, ಲೈಫ್ ಸರ್ಟಿಫಿಕೇಟ್ (ಬದುಕಿದ್ದಾರೆ ಅನ್ನುವ ಪ್ರಮಾಣಪತ್ರ) ಆಗಲಿಲ್ಲ, ಪಿಂಚಣಿ ನಿಂತಿದೆ. ಶಾಖೆಯಲ್ಲಿ ಕೇಳಿದರೆ "ಅವರನ್ನೇ ಕರ್ಕೊಂಡು ಬನ್ನಿ" ಅಂತಾರೆ. ಮಾವನ ಅಕ್ಕನಿಗೆ ಬರುತ್ತಿದ್ದ ಸಂಧ್ಯಾ ಸುರಕ್ಷಾ ಮಾಸಾಶನ 1,200 ರೂಪಾಯಿ ನಾಲ್ಕು ತಿಂಗಳಿಂದ ಇಲ್ಲ. ಅತ್ತೆಯ ಆಪರೇಷನ್ನಿಗೆ 1,70,000 ಬಿಲ್ಲಾಯಿತು, ವಿಮೆ ಕಂಪನಿ 85,000 ಕೊಟ್ಟು ಕೈತೊಳೆದುಕೊಂಡಿದೆ. "ರೂಮ್ ಬಾಡಿಗೆ ಮಿತಿ ಮೀರಿದೆ" ಅನ್ನೋದೊಂದೇ ಕಾರಣ.

ಸೈಬರ್ ಸಂಗತಿ:
ಮೊದಲು ಬೆರಳಚ್ಚಿನ ವಿಷಯ. ಯಂತ್ರದಲ್ಲಿ ಯಾವ ಎರರ್ ನಂಬರ್ ಬಂತು ಅಂತ ಕೇಳಿ ಬರೆದುಕೊಳ್ಳಿ, ಯಾರೂ ಇದನ್ನು ಕೇಳುವುದಿಲ್ಲ. 300 ಅಂದರೆ ಬೆರಳು ಹೊಂದಲಿಲ್ಲ. 330 ಅಂದರೆ ಆಧಾರ್ ಬಯೋಮೆಟ್ರಿಕ್ಕೇ ಲಾಕ್ ಆಗಿದೆ. ಮಕ್ಕಳೋ ಮೊಮ್ಮಕ್ಕಳೋ ಯಾವತ್ತೋ ಸುರಕ್ಷತೆಗೆ ಅಂತ ಲಾಕ್ ಮಾಡಿ ಮರೆತಿರುತ್ತಾರೆ. ಲಾಕ್ ಆಗಿದ್ದರೆ ಇಪ್ಪತ್ತು ಸಲ ಒತ್ತಿದರೂ ಆಗುವುದಿಲ್ಲ, ಆಧಾರ್ ಆ್ಯಪಿನಲ್ಲಿ ತೆಗೆಯಬೇಕು.

300 ಆದರೆ ಚರ್ಮ ಒಣಗಿ ಗೆರೆ ಸವೆದಿದೆ ಅಂತ ಅರ್ಥ. ಬೆಚ್ಚಗಿನ ನೀರಲ್ಲಿ ಕೈ ತೊಳೆಸಿ, ಚೂರು ಕೊಬ್ಬರಿ ಎಣ್ಣೆ ತಿಕ್ಕಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಎಣ್ಣೆ ಜಿಡ್ಡು ಉಳಿದರೆ ಗಾಜಿನ ಮೇಲೆ ಬರೀ ಮಸಿ ಮಚ್ಚೆ ಬರುತ್ತದೆ. ಹೆಬ್ಬೆರಳಿಗೇ ಅಂಟಿಕೊಳ್ಳಬೇಡಿ, ಹತ್ತೂ ಬೆರಳು ನೋಡಿ. ಜೋರಾಗಿ ಒತ್ತಿದರೆ ಗೆರೆಗಳು ಚಪ್ಪಟೆಯಾಗಿ ಒಂದರೊಳಗೊಂದು ಸೇರುತ್ತವೆ, ಮೆತ್ತಗೆ ಇಟ್ಟರೆ ಸಾಕು.

ಆದರೆ ಲಕ್ವ ಆದವರಿಗೆ ಇಷ್ಟೆಲ್ಲ ಗುದ್ದಾಟ ಬೇಡ ಅನ್ನೋದು ನನ್ನ ಅಭಿಪ್ರಾಯ. 2021ರ ನವೆಂಬರಿನಿಂದ ಮುಖ ತೋರಿಸಿ ಮಾಡುವ ದಾರಿ ಇದೆ. ಆಂಡ್ರಾಯ್ಡ್ ಫೋನಿಗೆ ಎರಡು ಆ್ಯಪ್ ಹಾಕಿ: ಆಧಾರ್ ಫೇಸ್ ಆರ್‌ಡಿ, ಮತ್ತು ಜೀವನ್ ಪ್ರಮಾಣ್. ಮೊದಲನೆಯದು ತೆರೆದು ಬಳಸುವಂಥದ್ದಲ್ಲ, ಹಿಂದಿನಿಂದ ಕೆಲಸ ಮಾಡುತ್ತದೆ. ಐಕಾನ್ ಕಾಣಲಿಲ್ಲ ಅಂತ ಅಳಿಸಿ ಮತ್ತೆ ಹಾಕುತ್ತಾ ಕೂರಬೇಡಿ. ಮುಂದಿನ ಕ್ಯಾಮೆರಾ 5 ಮೆಗಾಪಿಕ್ಸೆಲ್ ಆದರೂ ಇರಬೇಕು.

ಆ್ಯಪ್ ಮೊದಲು ಕೇಳುವುದು ಆಪರೇಟರ್ ಆಧಾರ್. ಅಲ್ಲಿ ನಿಮ್ಮದು ಹಾಕಿ, ನಿಮ್ಮ ಮುಖ ತೋರಿಸಿ. ಮುಕ್ಕಾಲು ಜನ ಅಲ್ಲೇ ಹಿರಿಯರ ನಂಬರ್ ಹಾಕಿ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಮುಗಿದ ಮೇಲೆ ಪಿಂಚಣಿದಾರರ ಆಧಾರ್, ಮೊಬೈಲು, ಒಟಿಪಿ, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್, ಖಾತೆ ನಂಬರ್, ಪಿಂಚಣಿ ಮಂಜೂರು ಮಾಡಿದ ಇಲಾಖೆ, ಕೊಡುವ ಬ್ಯಾಂಕು. ಕೊನೆಗೆ ಅವರ ಮುಖ.

ಮಾವನವರ ಬೆನ್ನಿಗೆ ಎರಡು ದಿಂಬು ಕೊಟ್ಟು ಎತ್ತಿ ಕೂರಿಸಿ. ಕಿಟಕಿ ಎದುರಿಗಿರಲಿ, ಬೆನ್ನ ಹಿಂದೆ ಬೇಡ. ಹಿಂದೆ ಹೂವಿನ ಚಿತ್ತಾರದ ಗೋಡೆ ಇದ್ದರೆ ಬಿಳಿ ಬೆಡ್‌ಶೀಟ್ ಕಟ್ಟಿ. ಕನ್ನಡಕ ತೆಗೆಯಿರಿ. ಫೋನನ್ನು ಅವರ ಮುಖದ ಮಟ್ಟಕ್ಕೆ ಇನ್ನೊಬ್ಬರು ಹಿಡಿಯಲಿ. ಪರದೆಯಲ್ಲಿ ಕಣ್ಣು ಮಿಟುಕಿಸಿ ಅಂತ ಬಂದಾಗ ಮಾತ್ರ "ಕಣ್ಣು ಮುಚ್ಚಿ ತೆಗೀರಿ" ಅಂತ ಹೇಳಿ. ಎಡೆಬಿಡದೆ ಮಿಟುಕಿಸಿದರೂ ತಪ್ಪುತ್ತದೆ.

ಮಲೆನಾಡಿನ ಸೊಸೆ:
ತುಂಬಾ ಉಪಕಾರ. ಆದರೆ ಬಲಗಣ್ಣು ಪೂರ್ತಿ ಮುಚ್ಚಲ್ಲ, ಮೂಗಿಗೆ ಊಟದ ನಳಿಕೆಯೂ ಇದೆ. ಆ್ಯಪ್ ಮುಖ ಗುರುತಿಸದಿದ್ದರೆ?

ಕೌಂಟರಿನಾಚೆ:
ಹಾಗಿದ್ದರೆ ಕಾಗದದ ದಾರಿ ಹಿಡಿಯಿರಿ ಅಕ್ಕ. ಡಿಜಿಟಲ್ ಬಂದ ಮೇಲೂ ಕಾಗದದ ಲೈಫ್ ಸರ್ಟಿಫಿಕೇಟ್ ರದ್ದಾಗಿಲ್ಲ. ನಿಗದಿತ ಅಧಿಕಾರಿ ಸಹಿ ಮಾಡಿಕೊಟ್ಟರೆ ಪಿಂಚಣಿದಾರರು ಖುದ್ದಾಗಿ ಬರಬೇಕಿಲ್ಲ. ಗೆಜೆಟೆಡ್ ಅಧಿಕಾರಿ, ತಹಶೀಲ್ದಾರ್, ಪೋಸ್ಟ್ ಮಾಸ್ಟರ್, ಠಾಣೆಯ ಸಬ್ ಇನ್‌ಸ್ಪೆಕ್ಟರ್ ಆ ಪಟ್ಟಿಯಲ್ಲಿದ್ದಾರೆ. ಸರ್ಕಾರಿ ಆಸ್ಪತ್ರೆಯ ಗೆಜೆಟೆಡ್ ವೈದ್ಯರು ಮನೆಗೆ ಬರುವವರಿದ್ದರೆ ಅದೇ ಸುಲಭ. ಸಹಿಯ ಕೆಳಗೆ ಹೆಸರು, ಹುದ್ದೆ, ಮೊಹರು, ದಿನಾಂಕ ನಾಲ್ಕೂ ಇರಲಿ. ಮೊಹರು ಮಸಕಾದರೂ ವಾಪಸ್ ಕಳಿಸುವವರಿದ್ದಾರೆ.

ಎರಡನೆಯ ದಾರಿ, ಬ್ಯಾಂಕಿನವರನ್ನೇ ಮನೆಗೆ ಕರೆಸುವುದು. 70 ದಾಟಿದವರಿಗೂ ಅಶಕ್ತರಿಗೂ ಮನೆಬಾಗಿಲಲ್ಲಿ ಲೈಫ್ ಸರ್ಟಿಫಿಕೇಟ್ ಪಡೆಯುವ ವ್ಯವಸ್ಥೆ ಮಾಡಿ ಅಂತ ರಿಸರ್ವ್ ಬ್ಯಾಂಕ್ 2017ರ ನವೆಂಬರ್ 9ರಂದೇ ಸುತ್ತೋಲೆ ಹೊರಡಿಸಿದೆ. ಬಾಯಿಮಾತಲ್ಲಿ ಕೇಳಿದರೆ "ಸ್ಟಾಫ್ ಇಲ್ಲ" ಅಂತಾರೆ. ಒಂದು ಹಾಳೆಯಲ್ಲಿ ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಬರೆದು, ಪಿಪಿಒ ನಂಬರ್, ವಯಸ್ಸು, ಸುತ್ತೋಲೆಯ ದಿನಾಂಕ ನಮೂದಿಸಿ, ವೈದ್ಯರ ಚೀಟಿ ಲಗತ್ತಿಸಿ, ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. ಸೀಲು ಬಿದ್ದ ಕೂಡಲೇ ಮಾತಿನ ಧಾಟಿ ಬದಲಾಗುತ್ತದೆ.

ಮುಖ ತೋರಿಸಲು ಆಗುವ ಹಿರಿಯರು ಬೇರೆ ಯಾರ ಮನೆಯಲ್ಲಾದರೂ ಇದ್ದರೆ ಅಂಚೆಯಣ್ಣನಿಗೆ ಹೇಳಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಕಡೆಯಿಂದ ಮನೆಗೇ ಬಂದು ಮಾಡಿಕೊಡುತ್ತಾರೆ, ಜಿಎಸ್‌ಟಿ ಸೇರಿ 70 ರೂಪಾಯಿ. ಯಾವ ಬ್ಯಾಂಕಿನ ಪಿಂಚಣಿಯಾದರೂ ನಡೆಯುತ್ತದೆ.

ಪಿಪಿಒ ಹಳಬ:
ಮೇಲಿನವರು ಬಿಟ್ಟ ಒಂದು ಮಾತು. ಆ್ಯಪಿನಲ್ಲಿ ಪ್ರಮಾಣ್ ಐಡಿ, ಅಂದರೆ ಸರ್ಟಿಫಿಕೇಟಿನ ನಂಬರ್, ಬಂದ ತಕ್ಷಣ ಕೆಲಸ ಆಯಿತು ಅಂದುಕೊಳ್ಳಬೇಡಿ. ಐಡಿ ಹುಟ್ಟುವುದು ಒಂದು ಹಂತ, ಪಿಂಚಣಿ ಕೊಡುವ ಸಂಸ್ಥೆ ಅದನ್ನು ಒಪ್ಪುವುದು ಇನ್ನೊಂದು. ಪಿಪಿಒದಲ್ಲಿ ಒಂದು ಅಂಕಿ ತಪ್ಪಿದರೆ, ಬ್ಯಾಂಕು ಆರಿಸುವ ಕಡೆ ಬೇರೆಯದನ್ನು ಆರಿಸಿದರೆ ತಿರಸ್ಕೃತವಾಗುತ್ತದೆ. ಎಸ್‌ಎಂಎಸ್ ಹೋಗುವುದು ನೀವು ಕೊಟ್ಟ ಮೊಬೈಲಿಗೆ, ಅದು ಸೈಬರ್ ಸೆಂಟರಿನವರದ್ದಾಗಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಕೆಲವು ದಿನ ಬಿಟ್ಟು ಜೀವನ್ ಪ್ರಮಾಣ್ ತಾಣದಲ್ಲಿ ಸ್ಥಿತಿ ನೋಡಿ.

ಕಾಗದ ಕೊಟ್ಟರೂ ಇದೇ ಕತೆ. ಶಾಖೆಯವರು ಕಂಪ್ಯೂಟರಿಗೆ ಏರಿಸಿದರೆ ಮಾತ್ರ ಪಿಂಚಣಿ ಲೆಕ್ಕ ಹಾಕುವ ಕೇಂದ್ರಕ್ಕೆ, ಸಿಪಿಪಿಸಿಗೆ, ತಿಳಿಯುತ್ತದೆ. ಡ್ರಾಯರಿನಲ್ಲಿ ಉಳಿದರೆ ಮುಂದಿನ ತಿಂಗಳೂ ಬರುವುದಿಲ್ಲ. ಅದಕ್ಕೇ ಸಹಿ ಹಾಕಿದ ಸ್ವೀಕೃತಿ ಕೇಳಿ ಪಡೆಯಿರಿ, ಕೊಡಲೇಬೇಕು.

ನಿಂತ ತಿಂಗಳುಗಳ ದುಡ್ಡು ಎಲ್ಲೂ ಹೋಗುವುದಿಲ್ಲ, ಬಾಕಿ ಸಮೇತ ಬರುತ್ತದೆ. ನೀವು ಎಲ್ಲ ಕೊಟ್ಟ ಮೇಲೂ ಬ್ಯಾಂಕೇ ತಡ ಮಾಡಿದರೆ ಆ ಅವಧಿಗೆ ವರ್ಷಕ್ಕೆ 8% ಲೆಕ್ಕದಲ್ಲಿ ಪರಿಹಾರ ಸೇರಿಸಬೇಕು. ಮೂವತ್ತು ದಿನ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು, ಸಹಾಯವಾಣಿ 14448.

ಇನ್ನೊಂದು. ಮಾವನವರಿಗೆ 82 ಅಂದಿರಿ. ಕೇಂದ್ರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಗೆ 20% ಹೆಚ್ಚುವರಿ ಸೇರಬೇಕು, 85ಕ್ಕೆ 30%. ಮೂಲ ಪಿಂಚಣಿ 20,000 ಇದ್ದರೆ ತಿಂಗಳಿಗೆ 4,000, ಅದರ ಮೇಲೆ ತುಟ್ಟಿಭತ್ಯೆ ಬೇರೆ. ಪಾಸ್‌ಬುಕ್ ತಿರುವಿ ಹಾಕಿ ನೋಡಿ. 80 ತುಂಬಿದಾಗಿನ ಹೆಚ್ಚುವರಿ ಸೇರದಿದ್ದರೆ ಬಾಕಿ ಕೇಳಿ. 80 ದಾಟಿದವರು ಲೈಫ್ ಸರ್ಟಿಫಿಕೇಟ್ ಅನ್ನು ಅಕ್ಟೋಬರ್ 1ರಿಂದಲೇ ಕೊಡಬಹುದು, ನವೆಂಬರಿನ ನೂಕುನುಗ್ಗಲಿಗೆ ಕಾಯಬೇಕಿಲ್ಲ.

ನಾಡಕಚೇರಿ ಅರ್ಜಿ:
ಸಂಧ್ಯಾ ಸುರಕ್ಷಾ ಬಗ್ಗೆ. ನೇರ ನಾಡಕಚೇರಿಗೆ ಓಡಬೇಡಿ. ಹಣ ಮಂಜೂರಾಗಿ ಬೇರೆ ಖಾತೆಗೆ ಬೀಳುತ್ತಿರುವ ಸಾಧ್ಯತೆಯೇ ಹೆಚ್ಚು.

ಖಾತೆಗೆ ಆಧಾರ್ ಜೋಡಿಸಿದ್ದೇವೆ ಅನ್ನುವುದು ಒಂದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವ ನಮೂದು, ಇನ್ನೊಂದು. ಆಧಾರ್ ಎಷ್ಟು ಖಾತೆಗಾದರೂ ಜೋಡಣೆಯಾಗಿರಬಹುದು, ಆದರೆ ಸರ್ಕಾರದ ದುಡ್ಡು ಬೀಳುವುದು ಮ್ಯಾಪ್ ಆದ ಒಂದೇ ಖಾತೆಗೆ. ಅಂಚೆಯಲ್ಲೋ ಬೇರೆ ಬ್ಯಾಂಕಿನಲ್ಲೋ ಹೊಸ ಖಾತೆ ತೆರೆಯುವಾಗ ಹೆಬ್ಬೆಟ್ಟು ಒತ್ತಿಸಿಕೊಂಡಿರುತ್ತಾರಲ್ಲ, ಆಗ ಮ್ಯಾಪಿಂಗ್ ಅಲ್ಲಿಗೆ ಹೋಗಿರಬಹುದು. ಒಂದು ಸುಲಭದ ಗುರುತು: ಅವರಿಗೆ ಗೃಹಲಕ್ಷ್ಮಿ ಬರುತ್ತಿದ್ದರೆ ಆ 2,000 ಯಾವ ಖಾತೆಗೆ ಬೀಳುತ್ತಿದೆ ನೋಡಿ. ಮ್ಯಾಪ್ ಆಗಿರುವುದು ಅದೇ.

ಮೈ ಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಒಟಿಪಿ ಹಾಕಿದರೆ ಬ್ಯಾಂಕಿನ ಹೆಸರು ತೋರಿಸುತ್ತದೆ. ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಯಾವ ತಿಂಗಳು ಎಷ್ಟು ಹೋಗಿದೆ ಅಂತಲೂ ಕಾಣುತ್ತದೆ. ಆಧಾರಿಗೆ ಮೊಬೈಲೇ ಜೋಡಣೆಯಾಗಿಲ್ಲ ಅಂದರೆ ಮೊದಲು ಅದು. ಹಿರಿಯರ ಆಧಾರಿನಲ್ಲಿ ಊರು ಬಿಟ್ಟುಹೋದ ಯಾರದ್ದೋ ನಂಬರ್ ಇರುವುದು ಮಾಮೂಲಿ.

ಮ್ಯಾಪಿಂಗ್ ಸರಿಯಿದ್ದೂ ಹಣ ಹೋಗಿಲ್ಲ ಅಂತ ತೋರಿಸಿದರೆ ಆಗ ನಾಡಕಚೇರಿ. ಮಂಜೂರಾತಿ ಆದೇಶದ ಪ್ರತಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಒಯ್ದು, ಯಾವ ಕಾರಣಕ್ಕೆ ತಡೆಹಿಡಿದಿದೆ ಅಂತ ಕೇಳಿ. ಪರಿಶೀಲನೆಗೆ ಗ್ರಾಮ ಆಡಳಿತಾಧಿಕಾರಿ ಬಂದಾಗ ಹಿರಿಯರು ಮಗಳ ಮನೆಯಲ್ಲಿದ್ದರೆ "ವಿಳಾಸದಲ್ಲಿ ಇಲ್ಲ" ಅಂತ ಬರೆದಿರಬಹುದು. ಆದೇಶದಲ್ಲಿ "ಗೌರಮ್ಮ", ಆಧಾರಿನಲ್ಲಿ "ಗೌರಮ್ಮ ಕೋಂ ಸಿದ್ದಪ್ಪ" ಅಂತ ಇದ್ದರೂ ತಕರಾರು. ಆಧಾರಿನಲ್ಲಿ ಹೆಸರು ತಿದ್ದಲು ಎರಡು ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ದಾಖಲೆಗಳೆಲ್ಲ ಒಂದೇ ಆಗುವಂತೆ ನೋಡಿಕೊಂಡು ಆಮೇಲೆ ಕೈಹಾಕಿ.

ಕ್ಲೇಮು ಲೆಕ್ಕ:
ಮೂರನೆಯದು ನನ್ನ ವಿಷಯ. ಬಿಲ್ಲಿನ ವಿಂಗಡಣೆ ಹಾಕಿ, ರೂಮ್ ಮಿತಿ ಎಷ್ಟು ಹೇಳಿ.

ಮಲೆನಾಡಿನ ಸೊಸೆ:
ವಿಮೆ 3 ಲಕ್ಷ, ರೂಮಿಗೆ ದಿನಕ್ಕೆ ಆ ಮೊತ್ತದ 1%. ತೆಗೆದುಕೊಂಡದ್ದು 6,000ದ ರೂಮು, ಐದು ದಿನ. ರೂಮು 30,000, ಡಾಕ್ಟರ್, ಥಿಯೇಟರ್, ನರ್ಸಿಂಗ್ ಸೇರಿ 80,000, ಔಷಧಿ 40,000, ಸ್ಕ್ಯಾನಿಂಗ್ ಮತ್ತು ಲ್ಯಾಬ್ 20,000. ಸಹಪಾವತಿ (ಬಿಲ್ಲಿನಲ್ಲಿ ಇಷ್ಟು ಪಾಲು ನಾವೇ ಕೊಡಬೇಕೆಂಬ ಷರತ್ತು) ಇಲ್ಲ.

ಕ್ಲೇಮು ಲೆಕ್ಕ:
ಹಾಗಾದರೆ ಅವರು ಇಡೀ ಬಿಲ್ಲನ್ನೇ ಅರ್ಧ ಮಾಡಿದ್ದಾರೆ, ಅದು ತಪ್ಪು. ನಿಮ್ಮ ಮಿತಿ ದಿನಕ್ಕೆ 3,000, ತೆಗೆದುಕೊಂಡದ್ದು 6,000. ಅನುಪಾತ ಅರ್ಧ, ಅದು ಸರಿಯೇ. ಆದರೆ ಅನುಪಾತ ಬೀಳುವುದು ರೂಮಿನ ದರ್ಜೆಗೆ ತಕ್ಕಂತೆ ಏರುವ ಖರ್ಚುಗಳ ಮೇಲೆ ಮಾತ್ರ. ಔಷಧಿ, ಒಳಗೆ ಕೂರಿಸುವ ಇಂಪ್ಲಾಂಟ್, ಲ್ಯಾಬ್ ಮತ್ತು ಸ್ಕ್ಯಾನಿಂಗ್ ಅದರಲ್ಲಿ ಬರುವುದಿಲ್ಲ. ಮಾತ್ರೆಯ ಬೆಲೆ ಯಾವ ರೂಮಿನಲ್ಲಿ ನುಂಗಿದರೂ ಅಷ್ಟೇ ತಾನೆ.

ಈಗ ಲೆಕ್ಕ: ರೂಮಿಗೆ 15,000. ಡಾಕ್ಟರ್ ವಗೈರೆ 80,000ದಲ್ಲಿ ಅರ್ಧ, 40,000. ಔಷಧಿ, ಲ್ಯಾಬ್ ಪೂರ್ತಿ 60,000. ಒಟ್ಟು 1,15,000. ನಿಮಗೆ ಬಂದದ್ದು 85,000. ಇನ್ನೂ 30,000 ಕೇಳಬಹುದು, ಗ್ಲೌಸ್, ಹತ್ತಿ ಮುಂತಾಗಿ ಪಾಲಿಸಿಯೇ ಕೊಡುವುದಿಲ್ಲ ಅಂದಿರುವ ಸಣ್ಣಪುಟ್ಟ ಕಳೆದು. ಪಾಲಿಸಿ ಪುಸ್ತಕದಲ್ಲಿ "ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್" ಅನ್ನುವ ವ್ಯಾಖ್ಯೆ ಹುಡುಕಿ ಆ ಸಾಲುಗಳನ್ನೇ ಪತ್ರಕ್ಕೆ ಹಾಕಿ. ಆಸ್ಪತ್ರೆಯಲ್ಲಿ ಎಲ್ಲ ರೂಮಿಗೂ ಡಾಕ್ಟರ್ ಫೀಸು ಒಂದೇ ಆಗಿದ್ದರೆ ಅದನ್ನು ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ, ಉಳಿದ 40,000ಕ್ಕೂ ವಾದ ನಿಲ್ಲುತ್ತದೆ.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್. ಫೋನು ಬೇಡ, ಗುರುತು ಉಳಿಯುವುದಿಲ್ಲ. ತಿಂಗಳೊಳಗೆ ಉತ್ತರ ಬರದಿದ್ದರೆ ಅಥವಾ ಒಪ್ಪದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರು ಬೇಡ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹಾಕಬೇಕು, ಇದೊಂದು ತಪ್ಪಿದರೆ ಕೇಳುವುದಿಲ್ಲ.

ಕೌಂಟರಿನಾಚೆ:
ಒಂದು ಬಿಟ್ಟೆ. ಪಿಂಚಣಿ ಖಾತೆ ಮಾವನವರೊಬ್ಬರ ಹೆಸರಲ್ಲಿದೆಯಾ? ಹಾಗಿದ್ದರೆ ಬಾಕಿ ಬಂದರೂ ತೆಗೆಯುವುದು ಹೇಗೆ ಅನ್ನುವುದು ಮುಂದಿನ ತಲೆನೋವು. ಸಹಿ ಆಗದವರು ಹೆಬ್ಬೆರಳೋ ಕಾಲ್ಬೆರಳೋ ಒತ್ತಬಹುದು. ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ. ಪ್ರತಿ ತಿಂಗಳೂ ಇದು ಆಗುವ ಮಾತಲ್ಲ. ಅಧಿಕಾರಿ ಲೈಫ್ ಸರ್ಟಿಫಿಕೇಟಿಗೆ ಮನೆಗೆ ಬಂದ ದಿನವೇ ಅತ್ತೆಯವರನ್ನು "ಈದರ್ ಆರ್ ಸರ್ವೈವರ್" (ಇಬ್ಬರಲ್ಲಿ ಯಾರಾದರೂ, ಅಥವಾ ಬದುಕುಳಿದವರು) ಅಂತ ಜಂಟಿ ಮಾಡುವ ಫಾರಂ ತರಲು ಹೇಳಿ, ಗಂಡಹೆಂಡತಿಗೆ ಅದಕ್ಕೆ ಅವಕಾಶವಿದೆ. ಅತ್ತೆಯ ಎರಡು ಫೋಟೊ, ಪ್ಯಾನ್, ಆಧಾರ್ ಜೆರಾಕ್ಸ್ ಮೊದಲೇ ತೆಗೆದಿಟ್ಟಿರಿ.