ಗಾದೆಸ್ ಶಾಲೆ ಬಿಟ್ಟಿದ್ದು ನಿಜಾನಾ? ಹಾಗಾದ್ರೆ ಕುಣಿತ ಎಲ್ಲಿ ಕಲಿತರು?

ಡೊಂಬಿವಲಿ ಅಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ 19 ವರ್ಷ. ಬಿಕಾಂ ಎರಡನೇ ವರ್ಷ, ಸಂಜೆ ಕಥಕ್ ಕ್ಲಾಸು. ಹೋದ ತಿಂಗಳು ಗೆಳೆಯರ ಜೊತೆ ಒಂದು ಸ್ಪ್ಯಾನಿಷ್ ಸಿನಿಮಾ ನೋಡಿ ಬಂದ, ಕಾರ್ಲೋಸ್ ಸೌರಾ ಅವರ 'ಬೋದಾಸ್ ದೆ ಸಾಂಗ್ರೆ'. ಅವತ್ತಿನಿಂದ ಅವನ ಬಾಯಲ್ಲಿ ಒಂದೇ ಹೆಸರು, ಅದರಲ್ಲಿ ಕುಣಿದ ಸ್ಪೇನಿನ ನರ್ತಕ ಆಂಟೋನಿಯೋ ಗಾದೆಸ್. ಅಡುಗೆಮನೆ ಬಾಗಿಲಲ್ಲಿ ನಿಂತು ಹಿಮ್ಮಡಿ ಕುಟ್ಟುತ್ತಾನೆ, ಕೆಳಗಿನ ಮನೆಯವರು ಎರಡು ಸಲ ಬಂದು ಹೇಳಿ ಹೋದರು. ಅದೆಲ್ಲ ಇರಲಿ. ಮೊನ್ನೆ ಊಟಕ್ಕೆ ಕೂತಾಗ "ಅಮ್ಮಾ, ಗಾದೆಸ್ 11ನೇ ವಯಸ್ಸಿಗೇ ಶಾಲೆ ಬಿಟ್ಟಿದ್ದ, ನಾನೂ ಕಾಲೇಜು ಬಿಟ್ಟು ಪೂರ್ತಿ ಕುಣಿತಕ್ಕೇ ಹೋಗ್ತೀನಿ" ಅಂದ. ಅವರಪ್ಪ ತಟ್ಟೆ ಬಿಟ್ಟು ಎದ್ದರು. ನನಗೆ ಅವನ ಆಸೆಯ ಮೇಲೆ ಸಿಟ್ಟಿಲ್ಲ. ಆದ್ರೆ ಅವನು ಹೇಳೋದು ಎಷ್ಟು ನಿಜ? ಆ ಮನುಷ್ಯ ಯಾರ ಹತ್ತಿರ ಕಲಿತರು, ಮೊದಮೊದಲು ಹೊಟ್ಟೆಪಾಡಿಗೆ ಏನು ಮಾಡಿದರು? ತಿಳಿದವರು ಹೇಳಿ.

ಪುಣೆಯ ಧಾರವಾಡದವ
ಅಕ್ಕಾ, ಮಗ ಹೇಳಿದ್ದು ನಿಜ, ಆದ್ರೆ ಅರ್ಧ. ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್‌ನಲ್ಲಿ ಸೌರಾ ಸಿನಿಮಾ ನೋಡಿದ ಮೇಲೆ ನಾನೂ ಇವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಹುಟ್ಟಿದ್ದು 1936ರಲ್ಲಿ, ಸ್ಪೇನಿನ ಎಲ್ದಾ ಅನ್ನೋ ಊರು. ಅಂತರ್ಯುದ್ಧ ಶುರುವಾದ ವರ್ಷ ಅದು. ನಿಜವಾದ ಹೆಸರು ಆಂಟೋನಿಯೋ ಎಸ್ತೇವೆ. ಅಪ್ಪ ಗಣರಾಜ್ಯದ ಕಡೆ ಹೋರಾಡಿದವರು, ಆ ಕಡೆ ಸೋತಿತು, ಕುಟುಂಬ ಮ್ಯಾಡ್ರಿಡ್‌ಗೆ ಬಂತು. ಮನೆಯಲ್ಲಿ ಬಡತನ. ಹುಡುಗ 11ಕ್ಕೆ ಶಾಲೆ ಬಿಟ್ಟಿದ್ದು ಕಲೆಗಾಗಿ ಅಲ್ಲ, ಮನೆಗೆ ದುಡ್ಡು ಬೇಕಿತ್ತು. ಫೋಟೋ ಸ್ಟುಡಿಯೋದಲ್ಲಿ ಚಿಲ್ಲರೆ ಕೆಲಸದ ಹುಡುಗ, ಆಮೇಲೆ ಪತ್ರಿಕೆ ಕಚೇರಿಯಲ್ಲಿ ಕೆಲಸ. ಕುಣಿತಕ್ಕೆ ಬಂದಿದ್ದೂ ನಾಲ್ಕು ಕಾಸು ಸಿಗುತ್ತೆ ಅಂತಾನೇ. ಸಿನಿಮಾದ ಮೊದಲಲ್ಲಿ ಅವರು ಕನ್ನಡಿ ಮುಂದೆ ಮೇಕಪ್ ಮಾಡಿಕೊಳ್ಳುತ್ತಾ ಕೂತಿರ್ತಾರಲ್ಲ, ಆಗ ನೆನೆಸಿಕೊಳ್ಳೋದು ಈ ದಿನಗಳನ್ನೇ. ಮಗನಿಗೆ ಅದನ್ನ ಮತ್ತೊಮ್ಮೆ ನೋಡೋಕೆ ಹೇಳಿ.

ಈಗ ಅವನು ಹೇಳದ ಇನ್ನರ್ಧ. 16ರ ಹೊತ್ತಿಗೆ ಪಿಲಾರ್ ಲೋಪೆಸ್ ಅನ್ನೋ ದೊಡ್ಡ ನರ್ತಕಿ ಈ ಹುಡುಗನನ್ನ ತನ್ನ ತಂಡಕ್ಕೆ ಸೇರಿಸಿಕೊಂಡರು. ಈಕೆ ಲಾ ಅರ್ಜೆಂತಿನೀತಾ ಅನ್ನೋ ಹೆಸರಾಂತ ನರ್ತಕಿಯ ತಂಗಿ. ಆ ಅಕ್ಕ ಹಾಡಿದ ಜನಪದ ಹಾಡುಗಳಿಗೆ 1931ರಲ್ಲಿ ಪಿಯಾನೋ ನುಡಿಸಿದ್ದು ಕವಿ ಲೋರ್ಕಾ. ಮುಂದೆ ಗಾದೆಸ್ ಕುಣಿತಕ್ಕೆ ತಂದ 'ಬೋದಾಸ್ ದೆ ಸಾಂಗ್ರೆ' ನಾಟಕ ಬರೆದವರೂ ಅದೇ ಲೋರ್ಕಾ, ನೋಡಿ ಹೇಗೆ ಬಳ್ಳಿ ಸುತ್ತಿಕೊಂಡಿದೆ! 'ಗಾದೆಸ್' ಅನ್ನೋ ಹೆಸರು ಇಟ್ಟಿದ್ದೂ ಪಿಲಾರ್, ಅದು ಕಾದಿಸ್ ಪಟ್ಟಣದ ಹಳೇ ಹೆಸರು. ಆ ತಂಡದಲ್ಲಿ ಅವರು ಇದ್ದಿದ್ದು ಒಂಬತ್ತು ವರ್ಷ. ಹಿಮ್ಮಡಿ ಕುಟ್ಟಿ ಕುಣಿಯೋ ಫ್ಲಮೆಂಕೋ ಮಾತ್ರ ಅಲ್ಲ, ಸ್ಪೇನಿನ ಬೇರೆಬೇರೆ ಪ್ರಾಂತ್ಯಗಳ ಕುಣಿತ, ಹಳೇ ಶಾಸ್ತ್ರೀಯ ಶೈಲಿ, ಎಲ್ಲಾನೂ ಅಲ್ಲೇ ಕಲಿತರು. ಹಿಂದಿನ ಸಾಲಿನಿಂದ ಶುರು ಮಾಡಿ ಮುಖ್ಯ ನರ್ತಕ ಆದರು. ಮಾರಿಯೋ ಮಾಯಾ, ಎಲ್ ಗ್ವೀತೋ ಅನ್ನೋ ನರ್ತಕರು ಕೂಡ ಅದೇ ತಂಡದಲ್ಲಿ ಪಳಗಿದವರು. ಶಾಲೆ ಬಿಟ್ಟರು ನಿಜ ಅಕ್ಕಾ, ಗುರುಗಳನ್ನ ಬಿಡಲಿಲ್ಲ. 1961ರಲ್ಲಿ ಅಲ್ಲಿಂದ ಹೊರಟು ಇಟಲಿಗೆ ಹೋಗಿ ಅಲ್ಲಿನ ಆಪೆರಾ ಮನೆಗಳಲ್ಲಿ ಕೆಲಸ ಮಾಡಿದರು.

ಠಾಣೆ ಗೆಜ್ಜೆ
ನಾನು ಕಥಕ್ ಹೇಳಿಕೊಡುತ್ತೀನಿ, ಹಾಗಾಗಿ ಪಾದದ ಮಾತು ನನ್ನ ಪಾಲಿಗಿರಲಿ. ಗಾದೆಸ್ ಮೇಲೆ ಇನ್ನೊಬ್ಬ ಹಿರಿಯರ ನೆರಳಿದೆ, ವಿಸೆಂತೆ ಎಸ್ಕುದೇರೋ. ಗಂಡಸರು ಫ್ಲಮೆಂಕೋ ಹೇಗೆ ಕುಣೀಬೇಕು ಅಂತ ಅವರು 1951ರಲ್ಲಿ ಹತ್ತು ನಿಯಮ ಹಾಕಿದರು. ಸೊಂಟ ಅಲುಗಬಾರದು. ಬೆರಳು ಜೋಡಿಸಿಕೊಂಡೇ ಮಣಿಕಟ್ಟು ಒಳಗಿನಿಂದ ಹೊರಗೆ ತಿರುಗಬೇಕು. ಬೂಟಿನಡಿ ಲೋಹದ ಪಟ್ಟಿ ಬೇಡ, ನಾದ ಬರಬೇಕಾದ್ದು ಹೃದಯದಿಂದ. ಗೆಜ್ಜೆ ಕಳಚಿ ಬರಿಗಾಲಲ್ಲಿ ತತ್ಕಾರ್, ಅಂದ್ರೆ ಕಥಕ್‌ನ ಪಾದಬಡಿತ, ಮಾಡಿದವರಿಗೆ ಇದು ಥಟ್ಟನೆ ತಿಳಿಯುತ್ತೆ, ಗೆಜ್ಜೆ ಇದ್ದಾಗ ಮುಚ್ಚಿಹೋಗುವ ತಪ್ಪೆಲ್ಲ ಆಗ ಕೇಳಿಸುತ್ತೆ. ಗಾದೆಸ್ ಫಾರ್ರುಕಾ ಅನ್ನೋ ಫ್ಲಮೆಂಕೋ ಪ್ರಕಾರ ಕುಣಿಯೋದು ನೋಡಿ, ಎಷ್ಟು ಹೊತ್ತು ಸುಮ್ನೆ ನಿಂತಿರ್ತಾರೆ! ಆ ನಿಲ್ಲೋದನ್ನ ನನ್ನ ವಿದ್ಯಾರ್ಥಿಗಳಿಗೆ ಕಲಿಸೋಕೆ ಚಕ್ಕರ್ ಕಲಿಸೋದಕ್ಕಿಂತ ಜಾಸ್ತಿ ಕಷ್ಟಪಡ್ತೀನಿ.

ನಿಮ್ಮ ಹುಡುಗನಿಗೆ ಫಾರ್ರುಕಾ ಬೇಗ ಹತ್ತುತ್ತೆ, ನಾಲ್ಕರ ಲೆಕ್ಕ, ನಮ್ಮ ಕಥಕ್‌ನ ತೀನ್‌ತಾಲ್ ತಾಳ ಕೇಳಿ ಪಳಗಿದ ಕಿವಿಗೆ ಹತ್ತಿರ. ಸೊಲೆಯಾ ಅನ್ನೋ ಇನ್ನೊಂದು ಫ್ಲಮೆಂಕೋ ಪ್ರಕಾರ ಹಾಗಲ್ಲ. 12 ಮಾತ್ರೆ, ಒತ್ತು ಬೀಳೋದು 3, 6, 8, 10, 12ಕ್ಕೆ. ನಮಗೆ ಸಮ್, ಅಂದ್ರೆ ತಾಳ ಬಂದು ಸೇರೋ ಒತ್ತು, ಒಂದಕ್ಕೆ ಬಂದು ರೂಢಿ, ಅವರದ್ದು 10ಕ್ಕೆ ಬಂದು ಕೂರುತ್ತೆ. ಮೊದಲು ಕೈಚಪ್ಪಾಳೆಯಲ್ಲಿ ಹಿಡಿಯಲಿ, ಕಾಲು ಆಮೇಲೆ. ಕೆಳಗಿನ ಮನೆಯವರಿಗೂ ನೆಮ್ಮದಿ.

ಮಡಗಾಂವ್ ರಂಗ
ಗೋವಾದಲ್ಲಿ ನಾಟಕ ಮಾಡ್ತೀನಿ, ಊರು ಕುಮಟಾ. ಅವರು ನಟ ಆಗಿದ್ದು ಹೇಗೆ ಅನ್ನೋದನ್ನ ಯಾರೂ ಹೇಳಲಿಲ್ಲ, ಅದಕ್ಕೇ ಬರೀತಿದ್ದೀನಿ. 1963ರ 'ಲೋಸ್ ತಾರಾಂತೋಸ್' ಹುಡುಕಿ ನೋಡಲಿ, ಬಾರ್ಸಿಲೋನಾದ ಜಿಪ್ಸಿ ಕುಟುಂಬಗಳ ರೋಮಿಯೋ ಜೂಲಿಯೆಟ್ ಕಥೆ. ಆಸ್ಕರ್‌ಗೆ ನಾಮನಿರ್ದೇಶನವಾದ ಸಿನಿಮಾ. ಮಹಾನ್ ನರ್ತಕಿ ಕಾರ್ಮೆನ್ ಅಮಾಯಾ ಇದರಲ್ಲಿದ್ದಾರೆ, ಅದೇ ವರ್ಷ ತೀರಿಕೊಂಡರು. ಗಾದೆಸ್‌ಗೆ ನಾಯಕನ ಪಾತ್ರ ಅಲ್ಲ. ಆದ್ರೆ ರಾತ್ರಿ ರಾಂಬ್ಲಾ ಬೀದಿಯಲ್ಲಿ ಪೌರಕಾರ್ಮಿಕರು ಪೈಪು ಹಿಡಿದು ರಸ್ತೆ ತೊಳೀತಿರ್ತಾರೆ, ಇವರು ಆ ನೀರಿನ ನಡುವೆ ಕುಣೀತಾ ಹೋಗ್ತಾರೆ. ನಾನು ಆ ದೃಶ್ಯ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ.

'ಬೋದಾಸ್' ಕೊನೆಯ ಚಾಕು ಕಾಳಗ ನಿಧಾನಗತಿಯಲ್ಲಿದೆಯಲ್ಲ, ಅದು ಕ್ಯಾಮೆರಾ ಕೈಚಳಕ ಅಲ್ಲ. ಇಬ್ಬರೂ ಮೈಯನ್ನೇ ನಿಧಾನ ಮಾಡಿದ್ದಾರೆ, ಸಂಗೀತವೂ ಇಲ್ಲ. ನಮ್ಮ ತಂಡದಲ್ಲಿ ಒಂದು ನಿಮಿಷ ಮಾಡಿ ನೋಡಿದೆವು, ತೊಡೆ ನಡುಗಿ ಕೂತುಬಿಟ್ಟೆವು. ಆ ಕುಣಿತನಾಟಕ ಅವರು ಕಟ್ಟಿದ್ದು 1974ರಲ್ಲಿ, ಸಿನಿಮಾ ಆಗಿದ್ದು 1981ರಲ್ಲಿ. ಪಿಲಾರ್ ತಂಡ ಸೇರಿದ ದಿನದಿಂದ ಲೆಕ್ಕ ಹಾಕಿದರೆ ಎರಡು ದಶಕಕ್ಕೂ ಹೆಚ್ಚಾಯ್ತು.

ಡೊಂಬಿವಲಿ ಅಕ್ಕ
ಎಲ್ಲರಿಗೂ ಧನ್ಯವಾದ ರೀ. ಎಲ್ಲಾನೂ ಅವನಿಗೆ ಓದಿ ಹೇಳಿದೆ, ಅವರಪ್ಪನೂ ಪೇಪರ್ ಹಿಡಿದುಕೊಂಡು ಕೇಳಿಸಿಕೊಂಡರು. ಒಂಬತ್ತು ವರ್ಷ ಅಂದಾಗ ಹುಡುಗ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ "ಅಷ್ಟು ವರ್ಷ ಒಬ್ಬರ ಹತ್ತಿರಾನೇ ಇದ್ರಾ?" ಅಂತ ಕೇಳಿದ. ಕಾಲೇಜು ಬಿಡೋ ಮಾತು ಸದ್ಯಕ್ಕೆ ನಿಂತಿದೆ, ಪರೀಕ್ಷೆ ಮುಗಿದ ಮೇಲೆ ಕಥಕ್ ಗುರುಗಳ ಹತ್ತಿರ ಮೂವರೂ ಹೋಗಿ ಕೂತು ಮಾತಾಡ್ತೀವಿ. ಠಾಣೆಯವರೇ, ಇವತ್ತು ಬೆಳಿಗ್ಗೆ ಚಹಾ ಕುಡೀತಾ ಅವನು ಟೇಬಲ್ ಮೇಲೆ 12 ಎಣಿಸ್ತಿದ್ದ. ಹತ್ತಕ್ಕೆ ಬಂದು ಪ್ರತಿ ಸಲ ತಪ್ಪುತ್ತಿದೆ, ಅಲ್ಲಿಂದ ಹೇಗೆ ಹಿಡೀಬೇಕು ಅಂತ ಕೇಳು ಅಂದಿದ್ದಾನೆ.

ಠಾಣೆ ಗೆಜ್ಜೆ
12ರಿಂದ ಎಣಿಕೆ ಶುರು ಮಾಡೋಕೆ ಹೇಳಿ. 12, 1, 2, ಆಮೇಲೆ 3ಕ್ಕೆ ಒತ್ತು. ಒಂದು ವಾರ ಬರೀ ಬಾಯಲ್ಲಿ ಹೇಳಲಿ, ಕೈ ಬೇಡ.